ಕಪ್ಪು ಇಲಿಯ ಬೆನ್ನಿನ ಬಿಳಿ ತೇಪೆ

ಅಣ್ಣಾ,

ನಿನ್ನ ಪತ್ರ ಓದಿ ಮೈಯೆಲ್ಲ ಉರಿಯಿತು. "ಫಸ್ಟ್ ಕ್ಲಾಸಾಗಿದೀನಿ, ನೆನಪಾದ್ರೆ ಮಾತ್ರೆ ತಗೋತೀನಿ" ಅಂತ ಅದೇನು ಜಂಬವೋ!

ನಮ್ಮ ಲ್ಯಾಬಿನಲ್ಲಿ ಕಪ್ಪು ಇಲಿಗಳ ಬೆನ್ನಿಗೆ ಬಿಳಿ ಇಲಿಯ ಚರ್ಮ ಕಸಿ ಮಾಡಿದ್ದಾರೆ. ಸ್ಟ್ಯಾಂಪಿನಷ್ಟು ತೇಪೆ, ಅದರಲ್ಲಿ ಬಿಳಿ ಕೂದಲೂ ಬಂದಿತ್ತು. ಮೈ ಅದನ್ನು ಹೊರಗಿನದೆಂದು ರಿಜೆಕ್ಟ್ ಮಾಡದಿರಲು ಕುಡಿಯುವ ನೀರಿಗೆ ದಿನಾ ಔಷಧಿ ಬೆರೆಸಬೇಕು. ಅದು ನನ್ನ ಡ್ಯೂಟಿ. ಹೊಸಬಳ ಗಡಿಬಿಡಿಯಲ್ಲಿ ಒಂದು ಗೂಡಿಗೆ ವಾರವಿಡೀ ಬರೀ ನೀರಿಟ್ಟುಬಿಟ್ಟೆ. ಇವತ್ತು ನೋಡಿದರೆ ತೇಪೆ ಒಣಗಿ, ಕರ್ರಗಾಗಿ, ಮರದ ಹೊಟ್ಟಿನ ಮೇಲೆ ಉದುರಿ ಬಿದ್ದಿದೆ.

"ಆರಾಮಾಗಿ ಓಡಾಡ್ತಿತ್ತು ಸರ್" ಎಂದೆ.

"ಒಳಗಿನ ಜಗಳ ಓಡಾಟದಲ್ಲಿ ಕಾಣುತ್ತೇನಮ್ಮಾ?" ಎಂದು ಗೈಡ್ ಎಲ್ಲರೆದುರೇ ಉಗಿದರು.

ಇಲಿಗೆ ಹೋದದ್ದು ಒಂದು ತೇಪೆ. ನಿನ್ನೊಳಗಿರುವುದು ಅಮ್ಮನ ಕಿಡ್ನಿ ಕಣೋ! ಅವಳಿಗೂ ಈಗ ಉಳಿದಿರುವುದು ಒಂದೇ. ಈ ಕಾರ್ಡು ಸೇರಿದ ದಿನವೇ ಡಾಕ್ಟರನ್ನು ಕಂಡು ರಕ್ತ ಪರೀಕ್ಷೆ ಮಾಡಿಸು. ನೀನಾಗೇ ಡಬಲ್ ಡೋಸ್ ನುಂಗಬೇಡ.

ನನ್ನ ಕೆಮ್ಮು ಹೋಗಿದೆ. ಕವರು ಇತ್ತು, ಬೇಕೆಂದೇ ತೆರೆದ ಅಂಚೆ ಕಾರ್ಡಿನಲ್ಲಿ ಬರೆದೆ. ನಿನಗಿಂತ ಮೊದಲು ಅಮ್ಮ ಓದಲಿ.

ತಂಗಿ