ನೀರಿನ ಬಿಲ್ಲಿನ ಕೌಂಟರಿಗೆ ನನ್ನ ತಂಗಿ ಏಕೆ ಕಾಣಬೇಕು?

ಎಲ್ಲರಿಗೂ ಎಲ್ಲವನ್ನೂ ತೆರೆದಿಟ್ಟ ಉದಾರಿಗಳಾದ ನಗರಾಡಳಿತದ ಗಣಕ ವಿಭಾಗದ ಮುಖ್ಯಸ್ಥರೇ,

ನನ್ನ ತಂಗಿಯ ದವಡೆ ಮುರಿದದ್ದು ಅವಳ ಗಂಡನ ಸ್ಪ್ಯಾನರ್. ಆ ಸ್ಪ್ಯಾನರಿಗೆ ದಾರಿ ತೋರಿಸಿದ್ದು ತಮ್ಮ ಡೇಟಾಬೇಸ್.

ಆತ ತಮ್ಮಲ್ಲೇ ನೀರಿನ ಬಿಲ್ಲಿನ ಗುಮಾಸ್ತ. ಅವನ ಏಟು ತಾಳಲಾರದೆ ತಂಗಿ ತಮ್ಮದೇ ಮಹಿಳಾ ಆಶ್ರಯಮನೆ ಸೇರಿದ್ದಳು. ಎಲ್ಲಿದ್ದಾಳೆಂದು ಹೆತ್ತ ತಾಯಿಗೂ ಹೇಳಿರಲಿಲ್ಲ. ಆತ ಮಾತ್ರ ಕೌಂಟರಿನಲ್ಲಿ ಕೂತು, ಬಿಲ್ ತೆಗೆಯುವ ಪರದೆಯಲ್ಲೇ ಅವಳ ಹೆಸರು ಒತ್ತಿ, ಬೀದಿ, ಮಹಡಿ, ಕೋಣೆ ಎಲ್ಲ ಓದಿಕೊಂಡ. ಊಟದ ಬಿಡುವಿನಲ್ಲಿ ಸ್ಪ್ಯಾನರ್ ಹಿಡಿದು ಹೋಗಿ ಬಾಗಿಲು ಒಡೆದ. ಅಡ್ಡ ಬಂದ ಅಡುಗೆಯಾಕೆಯ ಮುಂಗೈ ಮುರಿದ. ತಂಗಿಯನ್ನು ಜುಟ್ಟು ಹಿಡಿದು ಮೆಟ್ಟಿಲುದ್ದಕ್ಕೂ ಎಳೆದ. ಪಕ್ಕದ ಕೋಣೆಯ ಹೆಂಗಸರು ಕುರ್ಚಿಯಿಂದ ಬಡಿದು ಅವನನ್ನು ಕೆಡವುವವರೆಗೂ ಹೊಡೆಯುತ್ತಲೇ ಇದ್ದ. ಮತ್ತೆ ಕಚೇರಿಗೆ ಹೋಗುವವನಿದ್ದನೋ ಏನೋ, ಗುರುತಿನ ಚೀಟಿ ಕೊರಳಲ್ಲೇ ಇತ್ತು.

ತಮ್ಮ ಆಪರೇಟರನ್ನು ಕೇಳಿದೆ: "ನೀರಿನ ಬಿಲ್ಲಿಗೂ ಆಶ್ರಯಮನೆಗೂ ಏನಪ್ಪಾ ನಂಟು?"

"ಅಣ್ಣಾ, ಒಂದೊಂದು ಅಪ್ಲಿಕೇಶನ್ನಿಗೆ ಒಂದೊಂದು ಯೂಸರ್ ಮಾಡಿದ್ರೆ, ಅದು ತೆರೀತಿಲ್ಲ ಇದು ತೆರೀತಿಲ್ಲ ಅಂತ ದಿನಾ ಫೋನು. ಎಲ್ಲಕ್ಕೂ ಎಲ್ಲಾ ಕಾಣೋ ಅಡ್ಮಿನ್ ಯೂಸರ್ನೇ ಹಾಕಿ ಬಿಸಾಕು ಅಂದ್ರು ಸಾಹೇಬ್ರು. ಆಮೇಲೆ ಒಂದೇ ಒಂದು ಕಂಪ್ಲೇಂಟ್ ಇಲ್ಲ ನೋಡಿ!"

ಎಲ್ಲಿಂದ ಬರಬೇಕು, ಸ್ವಾಮಿ? ದೂರು ಹೇಳಬೇಕಾದವಳ ದವಡೆಗೆ ತಂತಿ ಬಿಗಿದಿದ್ದಾರೆ.

ನಾನು ಕನ್ನಡ ಮಾಧ್ಯಮದ ಬಿ.ಎ. ಪ್ರಾಸ ಬರುತ್ತದೆ, ಪ್ರೋಗ್ರಾಂ ಬರುವುದಿಲ್ಲ. ಆದರೂ ಕೇಳುತ್ತೇನೆ: ನೀರಿನ ಅಪ್ಲಿಕೇಶನ್ನಿಗೆ ನೀರಿನ ಮಾಹಿತಿಯಷ್ಟೇ ತೆರೆದಿಟ್ಟಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಅಧಿಕಾರಿಗಳ ಸಂಬಳದ ವಿವರಕ್ಕೆ ಮಾತ್ರ ಬೇರೆಯದೇ ಬೀಗವಂತೆ. ಹಾಗಾದರೆ ವಿದ್ಯೆ ಗೊತ್ತಿಲ್ಲದ್ದಲ್ಲ! ತಮಗೂ ಸಸಾರ, ಅವನಿಗೂ ಸಸಾರ. ತಂಗಿಗೆ ಸ್ಟ್ರಾದಲ್ಲಿ ಆಹಾರ.

ಆತ ಜಾಮೀನು ಪಡೆದು ಕೌಂಟರಿನ ಅದೇ ಕುರ್ಚಿಗೆ ಮರಳಿದ್ದಾನೆ. ಮೊನ್ನೆ ಬೀದಿಯಲ್ಲಿ ಸಿಕ್ಕು, "ಏನ್ ಭಾವ, ಈ ಸಲ ಅವಳನ್ನ ಎಲ್ಲಿಡ್ತೀರಿ? ಹೇಳದಿದ್ರೂ ಪರವಾಗಿಲ್ಲ ಬಿಡಿ," ಎಂದು ನಕ್ಕ.

ಆಸ್ಪತ್ರೆ ಬಿಟ್ಟೊಡನೆ ತಂಗಿಗೆ ಹೊಸ ಆಶ್ರಯ ಬೇಕು. ವಿಳಾಸ ತಮ್ಮ ಡೇಟಾಬೇಸಿಗೆ ಸೇರದೆ ಕೋಣೆ ಕೊಡುವುದಿಲ್ಲವಂತೆ. ಆದ್ದರಿಂದ ಇಂದೇ ಅವನ ಪ್ರವೇಶ ಕಿತ್ತುಹಾಕಿ. ಪ್ರತಿ ಅಪ್ಲಿಕೇಶನ್ನಿಗೂ ಅದರದೇ ಯೂಸರ್ ಕೊಡಿ. ಅದಕ್ಕೆ ಬೇಕಾದ್ದಷ್ಟೇ ಅದಕ್ಕೆ ಕಾಣಲಿ.

ಆಗದೆಂದರೆ, ತಂಗಿಯ ವಿಳಾಸದ ಜಾಗದಲ್ಲಿ ತಮ್ಮ ಮನೆಯ ವಿಳಾಸ ಬರೆಸುತ್ತೇನೆ. ಆತ ಬಂದಾಗ ಬಾಗಿಲು ತಾವೇ ತೆರೆಯಿರಿ.

ಇಂತಿ,
ತನ್ನ ವಿಳಾಸ ಬರೆಯಲೂ ಹೆದರುವ ಒಬ್ಬ ಅಣ್ಣ