ಮನೆ ನೋಡಲು ಜೊತೆಗೆ ಬಂದವರು

ಭಾನುವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ಹುಷಾರಾಗಿದ್ದೀಯಾ? ಮಂಡಿ ನೋವು ಹೇಗಿದೆ? ನಾನು ಇದ್ದೇನೆ. ಊಟ, ನಿದ್ದೆ, ಕೆಲಸ ಎಲ್ಲ ನಡೆಯುತ್ತಿದೆ. ಮನೆ ಸಿಕ್ಕಿತು. ಇನ್ನು ಆ ವಿಷಯಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ.

ನಾವಿಬ್ಬರೂ ಬೇರೆಯಾಗುವುದೆಂದು ತೀರ್ಮಾನವಾದ ಮೇಲೆ, ತಿಂಗಳ ಕೊನೆಗೆ ಈಗಿನ ಮನೆ ಖಾಲಿ ಮಾಡುತ್ತೇವೆಂದು ಮಾಲೀಕರಿಗೆ ಹೇಳಿಯಾಗಿತ್ತು. ಅಷ್ಟರೊಳಗೆ ನನಗೊಂದು ಸೂರು ಸಿಗದಿದ್ದರೆ ನಿನ್ನ ಮನೆಗೇ ಬಂದು ಹಾಸಿಗೆ ಹಾಸಬೇಕಿತ್ತು. ನೀನು ಬೇಡ ಅನ್ನುವವಳಲ್ಲ. ಆದರೆ ನಿನ್ನ ಅತ್ತೆ ಇದ್ದಾರೆ. ಜೊತೆಗೆ ನಿನ್ನ ಊರಿಗೆ ಬಂದರೆ ಇಲ್ಲಿ ಕನ್ನಡಕದ ಅಂಗಡಿಯ ನನ್ನ ಕೆಲಸಕ್ಕೂ ಕೈ ಮುಗಿಯಬೇಕಾಗುತ್ತಿತ್ತು. ಪೇಟೆಯೊಳಗಿನ ಬಾಡಿಗೆ ನನ್ನ ಸಂಬಳಕ್ಕೆ ಎಟುಕುವುದಿಲ್ಲವೆಂದು ಊರ ಹೊರಗಿನ ಬಡಾವಣೆಗಳನ್ನು ಸುತ್ತಿದೆ. ಒಂಟಿ ಹೆಂಗಸೆಂದರೆ ಎಲ್ಲರಿಗೂ ಒಂದೊಂದು ನೆಪ. ಒಬ್ಬರು ನೀರು ಸಾಲದು ಎಂದರು. ನಾನೊಬ್ಬಳು ಎಷ್ಟು ನೀರು ಕುಡಿದೇನು? ಇನ್ನೊಬ್ಬರು ಮಗಳಿಗೇ ಮನೆ ಬೇಕಾಗಿದೆ ಎಂದು ಹೇಳಿ, ಬಾಡಿಗೆ ಬೋರ್ಡನ್ನು ಹಾಗೇ ತೂಗಲು ಬಿಟ್ಟಿದ್ದರು. ಕೊನೆಗೆ ದಲ್ಲಾಳಿ, ಸಂಸಾರಸ್ಥರಿಗಾದ್ರೆ ನಾಳೇನೇ ಕೊಡಿಸ್ತೀನಿ ಮೇಡಂ, ಎಂದ.

ಅದನ್ನು ಇವರಿಗೆ ಹೇಳಿದೆ. ಇವರು ಎಂದು ಬರೆಯುವ ಅಭ್ಯಾಸ ಇನ್ನೂ ಹೋಗಿಲ್ಲ, ಬೈಯಬೇಡ. ತಟ್ಟೆಯಿಂದ ತಲೆ ಎತ್ತದೆ, ಹಾಗಾದ್ರೆ ನಾನು ಬರ್ತೀನಿ ಬಿಡು, ಎಂದರು.

ಇವತ್ತು ಬೆಳಿಗ್ಗೆ ಹೋದೆವು. ಬಸ್ಸಿನ ಕೊನೆಯ ನಿಲ್ದಾಣ, ಟೈರ್ ಗೋದಾಮಿನ ಹಿಂದಿನ ಕಟ್ಟಡ, ಮೂರನೇ ಮಹಡಿ. ಒಂದು ಕೋಣೆ, ಒಬ್ಬರೇ ನಿಲ್ಲಬಹುದಾದ ಅಡುಗೆಮನೆ. ಮನೆಯೊಡತಿ ಕೆಳಗಡೆಯೇ ಇರುತ್ತಾರೆ. ನಮ್ಮ ಹಳೆಯ ವರಸೆ ನಿನಗೆ ಗೊತ್ತಲ್ಲ, ಇವರು ಹೊಗಳುವುದು, ನಾನು ಮುಖ ಸಿಂಡರಿಸಿ ಕೊಂಕು ತೆಗೆಯುವುದು. ಗೋಡೆಯ ತೇವ ತೋರಿಸಿದೆ. ಇವಳಿಗೆ ಹಿಡಿಸಲಿಲ್ಲ ಅನ್ಸುತ್ತೆ ಎಂದು ಇವರು ಮೆಟ್ಟಿಲ ಕಡೆ ಹೊರಟೇಬಿಟ್ಟರು. ಆಕೆ ಕೂಗಿ ಕರೆದು ಬಾಡಿಗೆ ಇಳಿಸಿದರು. ಇವರಿಗೆ ಬೇರೆ ಊರಿಗೆ ವರ್ಗವಾಗಿದೆ, ರಜೆಯಲ್ಲಷ್ಟೇ ಬಂದು ಹೋಗುತ್ತಾರೆ ಎಂದು ಇಬ್ಬರೂ ಸೇರಿ ಸುಳ್ಳು ಹೇಳಿದೆವು. ಅದೂ ಸಲೀಸಾಗಿ ನಡೆಯಿತು.

ಹೊರಡುವಾಗ ಇವರು ಕಿಟಕಿಯ ಚಿಲಕ ಅಲ್ಲಾಡಿಸಿ, ಇದನ್ನ ಭದ್ರ ಮಾಡಿಸಿಕೊಡಿ, ಗಾಳಿಗೆ ಬಡಿದ್ರೆ ಇವಳಿಗೆ ನಿದ್ದೆ ಬರಲ್ಲ, ಎಂದರು. ಅದು ಚೌಕಾಸಿಯ ಮಾತಲ್ಲ, ಚೌಕಾಸಿ ಆಗಲೇ ಮುಗಿದಿತ್ತು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಜೋಮು ಹಿಡಿದ ಕಾಲನ್ನು ಯಾರೋ ಮುಟ್ಟಿದ ಹಾಗಿತ್ತು. ಮನೆಯೊಡತಿ, ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕಮ್ಮ, ಎಂದರು. ಹೌದೆಂದು ತಲೆಯಾಡಿಸಿ ಮುಂಗಡ ಕೊಟ್ಟೆ.

ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತೆವು. ಫ್ರಿಡ್ಜು ನನಗೆ, ಮಂಚ ಇವರಿಗೆ ಎಂದು ಮಾತಾಯಿತು. ಆಮೇಲೆ ಇವರು ತೂಕಡಿಸಿದರು. ನಾನು ಕಿಟಕಿಯಾಚೆ ನೋಡುತ್ತ ಬಂದೆ.

ಅಮ್ಮ ಕೇಳಿದರೆ, ಮನೆ ಬದಲಾಯಿಸುತ್ತಿದ್ದಾರೆ ಎಂದಷ್ಟೇ ಹೇಳು. ಉಳಿದದ್ದನ್ನು ನಾನೇ ಬಂದು ಹೇಳುತ್ತೇನೆ.

ಇಂತಿ ನಿನ್ನ ತಂಗಿ,
ಗುಬ್ಬಿ

ತಾ.ಕ.: ಮರೆತಿದ್ದೆ ಎಂದರೆ ನೀನು ನಂಬುವುದಿಲ್ಲ. ಇವರಿಗೂ ಇನ್ನೂ ಮನೆ ಸಿಕ್ಕಿಲ್ಲ. ಒಂಟಿ ಗಂಡಸಿಗೂ ಯಾರೂ ಕೊಡುತ್ತಿಲ್ಲವಂತೆ. ಮುಂದಿನ ಭಾನುವಾರ ಹೆಂಡತಿ ಅಂತ ಜೊತೆಗೆ ಬರ್ತೀಯಾ ಎಂದು ಕೇಳಿದರು. ಒಪ್ಪಿಕೊಂಡೆ. ಆಗಿನಿಂದ ಒಂದೇ ಯೋಚನೆ ಅಕ್ಕ, ಇವರಿಗೆ ಎಲ್ಲೂ ಮನೆ ಸಿಗದಿರಲಿ.