ಕುಂಕುಮಕ್ಕೆ ಹೆದರುವ ಬಣ್ಣ

ಅವ್ವ,

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಅಕ್ಷರ ಇದು. ಸೊಟ್ಟಗಿದೆ, ತಪ್ಪುಗಳೂ ಇವೆ, ಬೈಯಬೇಡ. ನೀನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ವಿಮಾನ ನಿಲ್ದಾಣದ ಕೆಲಸಕ್ಕೆ ನಮ್ಮೂರು ಸಾಸಲಿನಿಂದ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಕಳೆದ ವಾರ ದೊಡ್ಡಬಳ್ಳಾಪುರದ ಶೋರೂಮಿಗೆ ಬೈಕು ನೋಡಲು ಹೋಗಿದ್ದೆ.

“ಸ್ಪೆಷಲ್ ಎಡಿಷನ್ ತಗೋ ಗುರು, ಇದೊಂದೇ ಉಳಿದಿರೋದು,” ಎಂದ ಅಲ್ಲಿನವನು. ಅವನ ಬೆನ್ನ ಹಿಂದೆಯೇ ಅಂಥವು ಇನ್ನೂ ಎರಡು ನಿಂತಿದ್ದವು. ಸಾದಾ ಬೈಕಿಗೂ ಇದಕ್ಕೂ ಎಂಜಿನ್ ಅದೇ, ಟೈರು ಅದೇ. ಹೊಳಪಿಲ್ಲದ ಕಪ್ಪು ಬಣ್ಣ ಮತ್ತು ಟ್ಯಾಂಕಿನ ಸ್ಟಿಕರ್ ಮಾತ್ರ ಬೇರೆ. ಸಂತೆಯಲ್ಲಿ ನೀನು ಬದನೆಕಾಯಿ ನೋಡುತ್ತಿದ್ದ ಹಾಗೆ ಸ್ಟಿಕರನ್ನು ಉಗುರಿನಿಂದ ಕೆರೆದು ನೋಡಿದೆ.

“ಏನಪ್ಪಾ, ಕಿತ್ಕೊಂಡು ಹೋಗ್ತೀಯಾ?”

ನಾಚಿಕೆಯಾಯಿತು. ಆದರೂ ಕೇಳಿದೆ, “ಪೂಜೆ ಮಾಡಿದ್ರೆ ಬಣ್ಣಕ್ಕೇನೂ ಆಗಲ್ವಾ?”

“ಅರಿಶಿನ ಕುಂಕುಮ ಮಾತ್ರ ಹಚ್ಬೇಡ ಗುರು. ಮ್ಯಾಟ್ ಪೇಂಟು, ಕಲೆ ಹೋಗಲ್ಲ.”

ಕುಂಕುಮಕ್ಕೆ ಹೆದರುವ ಬಣ್ಣಕ್ಕೆ ಹೆಚ್ಚು ಕಾಸೇಕೆ ಎನ್ನಿಸಿತು. ನೀನಿದ್ದಾಗ ಆ ಹಳೇ ಮೊಪೆಡ್ಡಿಗೂ ಪ್ರತಿ ಶುಕ್ರವಾರ ಕುಂಕುಮ ಇಡದೆ ನನ್ನನ್ನು ಹೊರಡಲು ಬಿಡುತ್ತಿರಲಿಲ್ಲ. “ಹೊತ್ತಾಯ್ತು ಬಿಡವ್ವ,” ಎನ್ನುತ್ತಿದ್ದೆ ನಾನು.

ಸಾದಾ ಬೈಕನ್ನೇ ಕೊಂಡೆ, ನೀಲಿಯದು. ನಿನ್ನೆ ಸಂಜೆ ಮನೆಗೆ ಬಂತು. ಇಂದು ಬೆಳಿಗ್ಗೆ ನಾನೇ ಟ್ಯಾಂಕಿನ ಮೇಲೆ ಕುಂಕುಮ ಇಟ್ಟೆ. ಅಭ್ಯಾಸವಿಲ್ಲದ ಬೆರಳು, ಸೊಟ್ಟಗಾಯಿತು. ಒರೆಸದೆ ಹಾಗೇ ಹೊರಟೆ.